ಈದ ಆಕಳಿನ ಗರ್ಭಕೋಶದ ಆರೈಕೆ: ಮೊದಲ ತೊಂಬತ್ತು ದಿನಗಳು

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿ ಒಕ್ಕಲುತನದ ಮನೆಯ ಅಂಗಳದಲ್ಲಿ ದೇವಣಿ ಆಕಳು ಇರುವುದು ಬಹುಕಾಲದಿಂದ ಬಂದ ರೂಢಿ. ನೆರೆಯ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಹೆಸರು ಪಡೆದ ಈ ತಳಿಯಲ್ಲಿ ಮೂರು ಬಗೆಗಳಿವೆ. ಮೈಯೆಲ್ಲ ಬಿಳಿಯಾಗಿರುವುದು ಬಾಲಂಕ್ಯಾ. ಬಿಳಿ ಮೈಗೆ ಮುಖದ ಬದಿಗಳು ಕಪ್ಪಾಗಿರುವುದು ವಾನೇರಾ. ಬಿಳಿ ಮೈಮೇಲೆ ಕಪ್ಪು ಮಚ್ಚೆಗಳು ಚೆದುರಿರುವುದು ಶೇವೇರಾ. ಹೊಲಕ್ಕೆ ಗಟ್ಟಿ ಎತ್ತು, ಮನೆಗೆ ಹಾಲು, ಈ ಎರಡನ್ನೂ ಕೊಡುವ ತಳಿ ಇದು. ಆದರೆ ಇವೆರಡೂ ದೊರೆಯಬೇಕಾದರೆ ಆಕಳು ಕಾಲಕಾಲಕ್ಕೆ ಗಬ್ಬವಾಗಿ ಈಯಬೇಕು.

"ಈದು ವರ್ಷವಾಯಿತು, ಆಕಳು ಇನ್ನೂ ಬೆದೆಗೆ ಬಂದಿಲ್ಲ", "ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ" ಎಂಬ ಮಾತು ಪಶು ಆಸ್ಪತ್ರೆಯ ಅಂಗಳದಲ್ಲಿ ದಿನವೂ ಕೇಳಿಬರುತ್ತದೆ. ಇಂತಹ ಆಕಳನ್ನು ಬಂಜೆಯೆಂದು ತಿಳಿದು ಕಡಿಮೆ ಬೆಲೆಗೆ ಕೊಟ್ಟುಬಿಡುವವರೂ ಉಂಟು. ಆದರೆ ಇವುಗಳಲ್ಲಿ ಹೆಚ್ಚಿನವು ಹುಟ್ಟು ಬಂಜೆಗಳಲ್ಲ. ಒಮ್ಮೆ ಈದ ಆಕಳು ಮತ್ತೆ ಗಬ್ಬ ನಿಲ್ಲದೆ ಹೋಗುವುದಕ್ಕೆ ಕಾರಣವು ಬಹುಮಟ್ಟಿಗೆ ಈಯುವುದಕ್ಕೆ ಮೊದಲಿನ ಎರಡು ತಿಂಗಳು ಮತ್ತು ಈದ ನಂತರದ ಮೂರು ತಿಂಗಳುಗಳಲ್ಲಿ ಅಡಗಿರುತ್ತದೆ. ಆ ಕಾಲದಲ್ಲಿ ರೈತರು ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರು ಅಮಾವಾಸ್ಯೆಗಳ ಲೆಕ್ಕ

ಆಕಳಿನ ಗರ್ಭದ ಅವಧಿ ಸುಮಾರು 280 ರಿಂದ 285 ದಿನಗಳು. ವರ್ಷದ 365 ದಿನಗಳಲ್ಲಿ ಇದನ್ನು ಕಳೆದರೆ ಉಳಿಯುವುದು 80 ರಿಂದ 85 ದಿನಗಳು ಮಾತ್ರ. ವರ್ಷಕ್ಕೊಂದು ಕರು ಬೇಕೆಂದರೆ ಇಷ್ಟರೊಳಗೆ ಗರ್ಭಕೋಶ ಶುದ್ಧವಾಗಿ, ಆಕಳು ಬೆದೆಗೆ ಬಂದು, ಗಬ್ಬ ನಿಲ್ಲಬೇಕು.

ಇದನ್ನು ನೆನಪಿಡಲು ನಮ್ಮ ಭಾಗದ ರೈತರಿಗೆ ಸುಲಭವಾದ ಲೆಕ್ಕವೊಂದಿದೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂದ ದಿನ ಆಕಳು ಈದಿತು ಎಂದು ಇಟ್ಟುಕೊಳ್ಳೋಣ. ಅಲ್ಲಿಂದ ಮೂರು ಅಮಾವಾಸ್ಯೆ ಕಳೆದರೆ ಯುಗಾದಿ. ಅಂದರೆ ಸುಮಾರು 89 ದಿನಗಳು. ಯುಗಾದಿಯ ಹೊತ್ತಿಗೆ ಗಬ್ಬ ನಿಂತ ಆಕಳು ಮುಂದಿನ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಮತ್ತೆ ಈಯುತ್ತದೆ. ಯಾವ ತಿಂಗಳಲ್ಲಿ ಈದರೂ ಈ ಲೆಕ್ಕ ಒಂದೇ: ಈದ ದಿನದಿಂದ ಮೂರು ಅಮಾವಾಸ್ಯೆ.

ಕರುವಿಗೆ ಹಾಲುಣಿಸುವ ದೇವಣಿ ಆಕಳುಗಳೆಲ್ಲ ಈ ಗಡುವಿನಲ್ಲಿ ಗಬ್ಬ ನಿಲ್ಲುತ್ತವೆಂದು ಹೇಳಲಾಗದು. ಹದಿಮೂರು, ಹದಿನಾಲ್ಕು ತಿಂಗಳಿಗೊಮ್ಮೆ ಈದರೂ ಒಳ್ಳೆಯ ಆಕಳೆಂದೇ ಎಣಿಸಬೇಕು. ಆದರೆ ಇಪ್ಪತ್ತು ತಿಂಗಳಿಗೆ ಹೋದರೆ ನಷ್ಟ ನಿಶ್ಚಿತ. ನಾಲ್ಕನೆಯ ವರ್ಷಕ್ಕೆ ಮೊದಲ ಸಲ ಈದು ಹನ್ನೆರಡನೆಯ ವರ್ಷದವರೆಗೆ ಮನೆಯಲ್ಲಿರುವ ಆಕಳು 14 ತಿಂಗಳಿಗೊಮ್ಮೆ ಈದರೆ ಏಳು ಕರುಗಳನ್ನು ಕೊಡುತ್ತದೆ. 20 ತಿಂಗಳಿಗೊಮ್ಮೆ ಈದರೆ ಐದೇ ಕರುಗಳು. ಕಡಿಮೆಯಾದ ಎರಡು ಕರುಗಳೆಂದರೆ ಒಂದು ಜೋಡಿ ಎತ್ತು, ಇಲ್ಲವೆ ಎರಡು ಹಾಲಿನ ಆಕಳು. ಇನ್ನೊಂದು ಲೆಕ್ಕ ನೋಡೋಣ. ಒಂದು ಬೆದೆ ಕೈತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ದಿನಕ್ಕೆ ಆರು ಕಿಲೋ ಕಣಿಕೆಯ ಲೆಕ್ಕದಲ್ಲಿ 126 ಕಿಲೋ ಕಣಿಕೆ ಬರಿದೇ ಖರ್ಚಾಗುತ್ತದೆ.

ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳುವ ಬಗೆ

ಈದ ಕೂಡಲೆ ಆಕಳಿನ ಗರ್ಭಕೋಶವು ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಾಗಿದ್ದು, ಎಂಟು ಹತ್ತು ಕಿಲೋ ತೂಗುತ್ತದೆ. ಮರುದಿನದಿಂದಲೇ ಅದು ಕುಗ್ಗತೊಡಗಿ ಒಂದು ತಿಂಗಳಿಗೆ ಸುಮಾರು ಒಂದು ಕಿಲೋ ತೂಕಕ್ಕೆ ಇಳಿಯುತ್ತದೆ. ಹೊರಗಿನ ಗಾತ್ರ ಕಡಿಮೆಯಾದರೂ ಒಳಪದರ ಪೂರ್ತಿಯಾಗಿ ಹೊಸದಾಗಿ ಬೆಳೆಯಲು ಇನ್ನೂ ಕೆಲವು ದಿನ ಬೇಕು. ಒಟ್ಟಿನಲ್ಲಿ ಆರರಿಂದ ಏಳು ವಾರಗಳ ಕೆಲಸ ಇದು.

ಗಬ್ಬದ ಆಕಳಿನಲ್ಲಿ ಮಾಸು (ಕಸ, ಸತ್ತೆ) ಗರ್ಭಕೋಶದ ಒಳಗೋಡೆಗೆ ಗುಂಡಿಗಳಂತಹ ಎಪ್ಪತ್ತರಿಂದ ನೂರಿಪ್ಪತ್ತು ಜಾಗಗಳಲ್ಲಿ ಅಂಟಿಕೊಂಡಿರುತ್ತದೆ. ಅಂಗಿಯ ಗುಂಡಿಯನ್ನು ಕಾಜದಲ್ಲಿ ಸಿಕ್ಕಿಸಿದಂತೆ ಈ ಜೋಡಣೆ. ಈಯುವ ಸಮಯಕ್ಕೆ ಈ ಹಿಡಿತ ಸಡಿಲಗೊಂಡು, ಗರ್ಭಕೋಶ ಹಿಂಡಿಕೊಳ್ಳುವ ಬಲಕ್ಕೆ ಮಾಸು ಕಳಚಿ ಬೀಳುತ್ತದೆ. ಆ ಜಾಗಗಳೆಲ್ಲ ಹಸಿಗಾಯದಂತೆ ಇರುತ್ತವೆ. ಗರ್ಭಕೋಶದ ಬಾಯಿಯೂ ಕೆಲವು ದಿನ ತೆರೆದಿರುತ್ತದೆ. ಹೀಗಾಗಿ ಹೊರಗಿನ ರೋಗಾಣುಗಳು ಒಳಗೆ ಸೇರುವುದು ಬಹಳ ಸುಲಭ. ನಿಜ ಹೇಳಬೇಕೆಂದರೆ, ಮೊದಲ ಎರಡು ವಾರಗಳಲ್ಲಿ ಬಹುಪಾಲು ಆಕಳುಗಳ ಗರ್ಭಕೋಶದಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಆರೋಗ್ಯವಂತ ಆಕಳು ತನ್ನ ರಕ್ತದ ಬಿಳಿಕಣಗಳ ಬಲದಿಂದ ಅವನ್ನು ಕೊಂದು, ಸ್ರಾವದ ಜೊತೆಗೆ ಹೊರಹಾಕಿ ತಾನೇ ಶುದ್ಧವಾಗುತ್ತದೆ. ಸೊರಗಿದ ಆಕಳು, ಕಷ್ಟಪಟ್ಟು ಈದ ಆಕಳು, ಕೊಳಕು ಕೈ ಒಳಗೆ ಹೋದ ಆಕಳು, ಮಾಸು ಉಳಿದ ಆಕಳು ಈ ಹೋರಾಟದಲ್ಲಿ ಸೋಲುತ್ತವೆ. ಆಗಲೇ ಗರ್ಭಕೋಶದ ಬಾವು ಕಾಣಿಸಿಕೊಳ್ಳುತ್ತದೆ.

ಆರೈಕೆ ಈಯುವ ಮೊದಲೇ ಆರಂಭವಾಗಬೇಕು

ನಮ್ಮ ಭಾಗದಲ್ಲಿ ದನಗಳ ಮೇವೆಂದರೆ ಮುಖ್ಯವಾಗಿ ಜೋಳದ ಕಣಿಕೆ, ತೊಗರಿ, ಕಡಲೆ ಮತ್ತು ಸೋಯಾ ಹೊಟ್ಟು. ಕಬ್ಬು ಬೆಳೆಯುವ ಊರುಗಳಲ್ಲಿ ಕಟಾವಿನ ಕಾಲಕ್ಕೆ ಕಬ್ಬಿನ ಸೊಗೆಯೂ ಹೇರಳವಾಗಿ ದೊರೆಯುತ್ತದೆ. ಹೊಟ್ಟೆ ತುಂಬಲು ಇವು ಸಾಕು. ಆದರೆ ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಕರು ವೇಗವಾಗಿ ಬೆಳೆಯುವಾಗ ಇವಷ್ಟೇ ಸಾಲವು. ಒಣಮೇವಿನಲ್ಲಿ ರಂಜಕ ಕಡಿಮೆ. ಬಹುದಿನ ಹಸಿಮೇವು ಸಿಗದಿದ್ದರೆ 'ಎ' ಜೀವಸತ್ವದ ಕೊರತೆಯಾಗಿ ಮಾಸು ಬೀಳದಿರುವ ಸಂಭವ ಹೆಚ್ಚುತ್ತದೆ. ಕಬ್ಬಿನ ಸೊಗೆಯಲ್ಲಿರುವ ಆಕ್ಸಲೇಟ್ ಎಂಬ ವಸ್ತು ಮೇವಿನ ಸುಣ್ಣದ ಅಂಶವನ್ನು ಹಿಡಿದಿಟ್ಟು ಮೈಗೆ ದಕ್ಕದಂತೆ ಮಾಡುತ್ತದೆ. ಆದ್ದರಿಂದ ಸೊಗೆಯೊಂದನ್ನೇ ತಿಂಗಳುಗಟ್ಟಲೆ ಹಾಕಬಾರದು. ಕಣಿಕೆ ಮತ್ತು ಹೊಟ್ಟಿನೊಡನೆ ಬೆರೆಸಿ ಹಾಕಬೇಕು.

ಗಬ್ಬದ ಕೊನೆಯ ಎರಡು ತಿಂಗಳು ಅನುಸರಿಸಬೇಕಾದ ಕ್ರಮಗಳು ಹೀಗಿವೆ:

1. ಹಾಲು ಕೊಡುತ್ತಿದ್ದರೆ ಈಯುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು.
2. ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಿಂಡಿ ಮಿಶ್ರಣ ಕೊಡಬೇಕು. ಮನೆಯಲ್ಲಿಯೇ ಮಾಡುವುದಾದರೆ ಜೋಳ ಅಥವಾ ಮೆಕ್ಕೆಜೋಳದ ನುಚ್ಚು, ಶೇಂಗಾ ಇಲ್ಲವೆ ಹತ್ತಿಕಾಳಿನ ಹಿಂಡಿ, ಗೋಧಿ ಬೂಸಾ ಇವುಗಳನ್ನು ಬೆರೆಸಬಹುದು. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚಾಗಿದೆ.
3. ದಿನವೂ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಹಿಂಡಿಯಲ್ಲಿ ಸೇರಿಸಬೇಕು.
4. ಸಾಧ್ಯವಿದ್ದಷ್ಟು ಹಸಿಮೇವು, ಕನಿಷ್ಠ ನಾಲ್ಕೈದು ಕಿಲೋ ಒದಗಿಸಬೇಕು. ಬಾವಿಯ ನೀರಿರುವವರು ಹೊಲದ ಬದುವಿನಲ್ಲಿ ನೇಪಿಯರ್ ಹುಲ್ಲು, ಕುದುರೆಮೆಂತೆ ಬೆಳೆಸಬಹುದು. ಒಣಬೇಸಾಯದವರು ಸುಬಾಬುಲ್, ನುಗ್ಗೆ ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು.

ಆಕಳಿನ ಮೈಕಟ್ಟನ್ನು ಕಣ್ಣಿನಿಂದಲೇ ಅಳೆಯುವ ವಿಧಾನವಿದೆ. ಹತ್ತು ಹೆಜ್ಜೆ ದೂರದಿಂದ ನೋಡಿದಾಗ ಪಕ್ಕೆಲುಬುಗಳೆಲ್ಲ ಎಣಿಸುವಂತೆ ಕಂಡು, ಬೆನ್ನಹುರಿ ಗರಗಸದ ಹಲ್ಲಿನಂತೆ ತೋರಿದರೆ ಆಕಳು ಸೊರಗಿದೆಯೆಂದು ತಿಳಿಯಬೇಕು. ಕೊನೆಯ ಎರಡು ಮೂರು ಪಕ್ಕೆಲುಬು ಮಾತ್ರ ಮಸುಕಾಗಿ ಕಂಡರೆ ಸರಿಯಾದ ಮೈಕಟ್ಟು. ಸೊರಗಿ ಈದ ಆಕಳಿಗೆ ಆಮೇಲೆ ಎಷ್ಟು ಹಿಂಡಿ ಹಾಕಿದರೂ ಅದು ಮೊದಲು ಹಾಲಿಗೆ ಹೋಗುತ್ತದೆ, ಬೆದೆ ಹಿಂದೆ ಬೀಳುತ್ತದೆ. ಆದ್ದರಿಂದ ಮೈ ತುಂಬಿಸುವುದು ಈಯುವ ಮೊದಲೇ ಆಗಬೇಕು. ಮೊದಲ ಸಲ ಈಯುವ ಕಡಸುಗಳು ಇನ್ನೂ ಬೆಳೆಯುತ್ತಿರುವುದರಿಂದ ಅವುಗಳಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ.

ಈಯುವ ದಿನ

ಈಯುವ ಆಕಳನ್ನು ಉಳಿದ ದನಗಳಿಂದ ಬೇರ್ಪಡಿಸಿ ಒಣಗಿದ, ಸಗಣಿ ಗಂಜಲವಿಲ್ಲದ ಜಾಗದಲ್ಲಿ ಕಟ್ಟಬೇಕು. ನೆಲಕ್ಕೆ ಒಣಹುಲ್ಲು ಹಾಸಬೇಕು. ಬಾಲ, ಹಿಂಭಾಗವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಸಹಜವಾಗಿ ಈಯುತ್ತಿರುವ ಆಕಳಿಗೆ ನಮ್ಮ ಕೈ ಬೇಡ. ದೂರದಿಂದ ನೋಡುತ್ತಿದ್ದರೆ ಸಾಕು.

ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರುವಿನ ಕಾಲು ಮೂತಿ ಕಾಣಿಸದಿದ್ದರೆ, ಒಂದೇ ಕಾಲು ಅಥವಾ ಬಾಲ ಕಾಣಿಸಿದರೆ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. 1962 ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಕರುವಿನ ಕಾಲಿಗೆ ಹಗ್ಗ ಬಿಗಿದು ನಾಲ್ಕಾರು ಜನ ಎಳೆಯುವುದು, ಎತ್ತು ಇಲ್ಲವೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದು ಬಹಳ ಅಪಾಯಕರ. ಗರ್ಭಕೋಶ ಹರಿದ ಆಕಳು ಬದುಕಿದರೂ ಮತ್ತೆ ಈಯುವುದು ಕಷ್ಟ. ಬೇಗ ಈಯಲೆಂದು ಅಂಗಡಿಯಿಂದ ಆಕ್ಸಿಟೋಸಿನ್ ತಂದು ಚುಚ್ಚುವುದೂ ಇಷ್ಟೇ ಅಪಾಯಕರ. ಗರ್ಭಕೋಶದ ಬಾಯಿ ತೆರೆಯದಿರುವಾಗ, ಅಥವಾ ಕರು ಅಡ್ಡವಾಗಿರುವಾಗ ಈ ಔಷಧದಿಂದ ಗರ್ಭಕೋಶ ಒಡೆಯಬಹುದು.

ಕರು ಹುಟ್ಟಿದ ಕೂಡಲೆ ತಾಯಿಗೆ ನೆಕ್ಕಲು ಬಿಡಬೇಕು. ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು. ಮಾಸು ಬೀಳುವವರೆಗೂ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಹಲವೆಡೆ ಇದೆ. ಇದು ಸಂಪೂರ್ಣ ತಪ್ಪು. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಆಕಳಿನ ಮೈಯಲ್ಲಿಯೇ ಆಕ್ಸಿಟೋಸಿನ್ ಸ್ರವಿಸಿ, ಅದರಿಂದ ಹಾಲೂ ಇಳಿಯುತ್ತದೆ, ಗರ್ಭಕೋಶವೂ ಹಿಂಡಿಕೊಳ್ಳುತ್ತದೆ. ಅಂದರೆ ಮಾಸು ಬೀಳಲು ಕರುವೇ ಸಹಾಯ ಮಾಡುತ್ತದೆ. ಆಕಳಿಗೆ ಬೆಚ್ಚಗಿನ ನೀರಿನಲ್ಲಿ ಬೆಲ್ಲ, ಗೋಧಿ ಬೂಸಾ ಕಲಸಿ ಕೊಡಬೇಕು.

ಮಾಸು ಬೀಳದಿದ್ದರೆ

ಸಾಮಾನ್ಯವಾಗಿ ಈದ ಎಂಟರಿಂದ ಹನ್ನೆರಡು ಗಂಟೆಯೊಳಗೆ ಮಾಸು ತಾನಾಗಿಯೇ ಬೀಳುತ್ತದೆ. ಒಂದು ದಿನ ಕಳೆದರೂ ಬೀಳದಿದ್ದರೆ ಅದು ಒಳಗೆ ಉಳಿದಿದೆಯೆಂದು ತಿಳಿಯಬೇಕು. ಕಂದು ಹಾಕಿದ, ಅವಧಿಗೆ ಮೊದಲೇ ಈದ, ಅವಳಿ ಹಾಕಿದ, ಕಷ್ಟದಿಂದ ಈದ ಆಕಳುಗಳಲ್ಲಿ ಇದು ಹೆಚ್ಚು.

ಆಕಳುಗಳು ಹೆಚ್ಚಾಗಿ ಕೆಡುವುದು ಈ ಹಂತದಲ್ಲಿಯೇ. ಜೋತುಬಿದ್ದ ಮಾಸಿಗೆ ಕಲ್ಲು, ಚಪ್ಪಲಿ, ಇಟ್ಟಿಗೆ ಕಟ್ಟುವುದು, ಕೋಲಿಗೆ ಸುತ್ತಿ ಎಳೆಯುವುದು, ಊರಿನ ಅನುಭವಿಗಳೆನಿಸಿಕೊಂಡವರಿಂದ ಕೈ ಹಾಕಿಸಿ ಕೀಳಿಸುವುದು ರೂಢಿಯಲ್ಲಿದೆ. ಇನ್ನೂ ಸಡಿಲಗೊಳ್ಳದ ಮಾಸನ್ನು ಎಳೆದಾಗ ಗುಂಡಿಗಳ ಜಾಗ ಕಿತ್ತು ರಕ್ತ ಸುರಿಯುತ್ತದೆ. ಮಾಸಿನ ಚೂರುಗಳು ಒಳಗೇ ಉಳಿದು ಕೊಳೆಯುತ್ತವೆ. ಕೈಯೊಡನೆ ಹೊಸ ರೋಗಾಣುಗಳು ಒಳಹೊಗುತ್ತವೆ. ಹಿಂದೆ ಮಾಸನ್ನು ಕೈಯಿಂದ ಬಿಡಿಸುವುದೇ ಚಿಕಿತ್ಸೆಯೆಂದು ಎಣಿಸಲಾಗಿತ್ತು. ಇಂದಿನ ತಿಳಿವಳಿಕೆಯಂತೆ ಬಲವಂತವಾಗಿ ಬಿಡಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಸಾಮಾನ್ಯವಾಗಿ ಐದರಿಂದ ಹತ್ತು ದಿನಗಳಲ್ಲಿ ಅದು ತಾನೇ ಕಳಚಿ ಬೀಳುತ್ತದೆ. ನೋಡಲು ಅಸಹ್ಯ, ವಾಸನೆಯೂ ಉಂಟು. ಆದರೂ ತಾಳ್ಮೆ ಬೇಕು.

ತಾಳ್ಮೆಯೆಂದರೆ ಅಲಕ್ಷ್ಯವಲ್ಲ. ಮಾಸು ಉಳಿದ ಆಕಳನ್ನು ಪಶುವೈದ್ಯರಿಗೆ ತೋರಿಸಲೇಬೇಕು. ಹತ್ತು ದಿನಗಳವರೆಗೆ ಪ್ರತಿದಿನ ಬೆಳಿಗ್ಗೆ ಗುದದ್ವಾರದಲ್ಲಿ ಜ್ವರಮಾಪಕವಿಟ್ಟು ಮೈಶಾಖ ನೋಡಬೇಕು. ಆಕಳಿನ ಸಹಜ ಶಾಖ ಸುಮಾರು 38.5 ಡಿಗ್ರಿ ಸೆಲ್ಸಿಯಸ್ (101.5 ಡಿಗ್ರಿ ಫ್ಯಾರನ್‌ಹೀಟ್). 39.5 ಡಿಗ್ರಿ (103 ಡಿಗ್ರಿ ಫ್ಯಾರನ್‌ಹೀಟ್) ಮೀರಿದರೆ, ಮೇವು ಬಿಟ್ಟರೆ, ಹಾಲು ಇಳಿದರೆ, ಕೊಳೆತ ವಾಸನೆಯ ನೀರಿನಂತಹ ಕೆಂಪು ಸ್ರಾವ ಬಂದರೆ ಅದು ಗರ್ಭಕೋಶದ ತೀವ್ರ ಬಾವು. ವೈದ್ಯರು ಚುಚ್ಚುಮದ್ದು ಕೊಡುವುದು ಆಗ ಅತ್ಯವಶ್ಯಕ. ಹೇಳಿದಷ್ಟು ದಿನ ಚಿಕಿತ್ಸೆಯನ್ನು ಪೂರೈಸಬೇಕು. ಔಷಧ ಕೊಟ್ಟ ದಿನಗಳ ಹಾಲನ್ನು ವೈದ್ಯರು ಹೇಳುವವರೆಗೆ ಮನೆಗಾಗಲಿ ಡೇರಿಗಾಗಲಿ ಬಳಸಬಾರದು.

ಕಂದು ರೋಗದ ಎಚ್ಚರಿಕೆ

ಗಬ್ಬದ ಐದನೆಯ ತಿಂಗಳ ನಂತರ ಕಂದು ಹಾಕಿ, ಮಾಸೂ ಬೀಳದೆ ಉಳಿದರೆ ಕಂದು ರೋಗವೆಂದು (ಬ್ರುಸೆಲ್ಲೋಸಿಸ್) ಶಂಕಿಸಬೇಕು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಜ್ವರದಿಂದ ಸತ್ತ ಸೈನಿಕರಲ್ಲಿ ಈ ಜಾತಿಯ ರೋಗಾಣುವನ್ನು ಮೊದಲು ಕಂಡರು. ಹತ್ತು ವರ್ಷಗಳ ನಂತರ, 1897ರಲ್ಲಿ, ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಅವರು ಕಂದು ಹಾಕಿದ ಆಕಳುಗಳಲ್ಲಿ ರೋಗಕಾರಕವನ್ನು ಪತ್ತೆಹಚ್ಚಿದರು. ಅಂದರೆ ಇದು ದನದಿಂದ ಮನುಷ್ಯನಿಗೂ ತಗಲುವ ರೋಗ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಮನುಷ್ಯರಲ್ಲಿ ಇದರ ಲಕ್ಷಣಗಳು.

ಆದ್ದರಿಂದ ಕಂದು, ಮಾಸು, ಸ್ರಾವಗಳನ್ನು ಬರಿಗೈಯಿಂದ ಮುಟ್ಟಬಾರದು. ಕೈಗವಸು ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಬೇಕು. ಗರ್ಭಿಣಿ ಹೆಂಗಸರು ಈ ಕೆಲಸದಿಂದ ದೂರವಿರಬೇಕು. ಮಾಸನ್ನು ತಿಪ್ಪೆಗೆ, ಹಳ್ಳಕ್ಕೆ ಎಸೆಯದೆ, ಮರಕ್ಕೆ ತೂಗುಹಾಕದೆ, ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕುವ ಏರ್ಪಾಡಿದೆ. ಜೀವಮಾನಕ್ಕೆ ಒಮ್ಮೆ ಹಾಕಿಸಿದರೆ ಸಾಕು. ಗಂಡು ಕರುಗಳಿಗೂ ಗಬ್ಬದ ಆಕಳುಗಳಿಗೂ ಈ ಲಸಿಕೆ ಹಾಕಿಸಬಾರದು.

ಸ್ರಾವವನ್ನು ನೋಡಿ ತಿಳಿಯುವುದು

ಗರ್ಭಕೋಶದೊಳಗೆ ಏನು ನಡೆದಿದೆ ಎಂಬುದನ್ನು ಹೊರಗೆ ಬರುವ ಸ್ರಾವವೇ ಹೇಳುತ್ತದೆ. ಪ್ರತಿದಿನ ಬೆಳಿಗ್ಗೆ ಆಕಳು ಮಲಗಿ ಎದ್ದ ಜಾಗವನ್ನೂ ಬಾಲದ ಬುಡವನ್ನೂ ನೋಡುವ ಅಭ್ಯಾಸವಿಟ್ಟುಕೊಳ್ಳಬೇಕು.

ಮೊದಲ ಹತ್ತು ಹದಿನೈದು ದಿನ ಕೆಂಪು ಅಥವಾ ಕಂದುಬಣ್ಣದ, ದುರ್ವಾಸನೆಯಿಲ್ಲದ ಸ್ರಾವ ಬರುವುದು ಸಹಜ. ಇದಕ್ಕೆ ಔಷಧ ಬೇಡ. ಮೂರನೆಯ ವಾರದ ಹೊತ್ತಿಗೆ ಅದು ತಿಳಿಯಾಗಿ ನಿಲ್ಲುತ್ತದೆ. ಮೂರು ವಾರಗಳ ನಂತರವೂ ಬಿಳಿ ಅಥವಾ ಹಳದಿ ಕೀವು ಬಾಲಕ್ಕೆ ಅಂಟುತ್ತಿದ್ದರೆ ಗರ್ಭಕೋಶದ ಒಳಪದರದಲ್ಲಿ ಬಾವು ಉಳಿದಿದೆಯೆಂದು ಅರ್ಥ. ಇಂತಹ ಆಕಳಿಗೆ ಜ್ವರವಿರುವುದಿಲ್ಲ. ಮೇವು ತಿನ್ನುತ್ತದೆ, ಹಾಲೂ ಕೊಡುತ್ತದೆ. ಹಾಗಾಗಿ ರೈತರು ಗಮನಿಸುವುದಿಲ್ಲ. ಆದರೆ ಗಬ್ಬ ಮಾತ್ರ ನಿಲ್ಲುವುದಿಲ್ಲ. ಮೇಲಿಂದ ಮೇಲೆ ಬೆದೆಗೆ ಬರುವ ಆಕಳುಗಳಲ್ಲಿ ಎಷ್ಟೋ ಆಕಳುಗಳ ಕಥೆ ಇದೇ.

ಇನ್ನೊಂದು ಸ್ಥಿತಿಯುಂಟು. ಗರ್ಭಕೋಶದಲ್ಲಿ ಕೀವು ತುಂಬಿ, ಅದರ ಬಾಯಿ ಮುಚ್ಚಿಕೊಂಡು, ಆಕಳು ಬೆದೆಗೇ ಬಾರದಿರುವುದು. ಬೆದೆ ನಿಂತಿತೆಂದು ರೈತರು ಗಬ್ಬವೆಂದೇ ನಂಬುತ್ತಾರೆ. ಆರೇಳು ತಿಂಗಳು ಕಳೆದ ಮೇಲೆ ನಿಜ ತಿಳಿಯುತ್ತದೆ. ಗರ್ಭಧಾರಣೆಯಾದ ಎರಡು, ಎರಡೂವರೆ ತಿಂಗಳಿಗೆ ಗರ್ಭ ತಪಾಸಣೆ ಮಾಡಿಸಿದರೆ ಈ ಮೋಸ ತಪ್ಪುತ್ತದೆ. ಇದಕ್ಕೆ ಪ್ರೋಸ್ಟಾಗ್ಲಾಂಡಿನ್ ಎಂಬ ಚುಚ್ಚುಮದ್ದು ಒಳ್ಳೆಯ ಚಿಕಿತ್ಸೆ. ಗಬ್ಬದ ಆಕಳಿಗೆ ತಪ್ಪಿ ಕೊಟ್ಟರೆ ಕಂದು ಹಾಕುವುದರಿಂದ ವೈದ್ಯರು ಪರೀಕ್ಷಿಸಿಯೇ ಕೊಡಬೇಕಾದ ಔಷಧವಿದು.

ಕರುವಿನ ಸಾನ್ನಿಧ್ಯ ಮತ್ತು ಬೆದೆ

ಗರ್ಭಕೋಶ ಶುದ್ಧವಾಗಿದ್ದರೂ ಆಕಳು ಬೆದೆಗೆ ಬಾರದಿರಲು ಮತ್ತೊಂದು ಕಾರಣವಿದೆ. ಅದು ಕರುವೇ. ಕರು ಮೇಲಿಂದ ಮೇಲೆ ಹಾಲು ಚೀಪುತ್ತಿದ್ದರೆ, ಅಂಡಾಶಯದಿಂದ ಅಂಡ ಬಿಡುಗಡೆಯಾಗಲು ಮಿದುಳಿನಿಂದ ಬರಬೇಕಾದ ಪ್ರಚೋದನೆ ತಡೆಹಿಡಿಯಲ್ಪಡುತ್ತದೆ. ಚೀಪುವುದಷ್ಟೇ ಅಲ್ಲ, ತನ್ನ ಕರುವನ್ನು ನೋಡುವುದು, ಮೂಸುವುದೂ ಇದಕ್ಕೆ ಕಾರಣವಾಗುತ್ತದೆ. ಮಾಂಸಕ್ಕಾಗಿ ದನ ಸಾಕುವ ಅಮೆರಿಕ, ಬ್ರೆಜಿಲ್, ಆಸ್ಟ್ರೇಲಿಯದಂತಹ ದೇಶಗಳಲ್ಲಿ ಕರು ದಿನವಿಡೀ ತಾಯಿಯ ಜೊತೆಗೇ ಇರುವುದರಿಂದ ಅಲ್ಲಿನವರಿಗೂ ಇದು ದೊಡ್ಡ ಸಮಸ್ಯೆ. ಅವರು ದನ ಸಾಕುವ ಉದ್ದೇಶ ಬೇರೆ, ನಮ್ಮದು ಬೇರೆ. ಆದರೆ ಕರುವನ್ನು ಜೊತೆಗಿಟ್ಟುಕೊಂಡ ಆಕಳಿನ ದೇಹಧರ್ಮ ಎಲ್ಲೆಡೆ ಒಂದೇ. ಅಲ್ಲಿಯ ಅನುಭವ ಹೇಳುವುದೂ ಇದನ್ನೇ: ಸೊರಗಿದ ಆಕಳು ಮತ್ತು ಮೊದಲ ಸಲ ಈದ ಆಕಳು ಎಲ್ಲಕ್ಕಿಂತ ತಡವಾಗಿ ಬೆದೆಗೆ ಬರುತ್ತವೆ.

ದೇವಣಿ ಆಕಳು ಕರು ಇಲ್ಲದೆ ಸುಲಭವಾಗಿ ಹಾಲು ಇಳಿಸುವುದಿಲ್ಲ. ಆದ್ದರಿಂದ ಹುಟ್ಟಿದ ಕರುವನ್ನು ಪೂರ್ತಿಯಾಗಿ ಬಿಡಿಸುವುದು ನಮಗೆ ಹೊಂದುವುದಿಲ್ಲ. ಇದಕ್ಕೆ ನಡುವಿನ ದಾರಿಯೊಂದಿದೆ. ಮೊದಲ ತಿಂಗಳು ಕರು ಧಾರಾಳವಾಗಿ ಕುಡಿಯಲಿ. ಒಂದು ತಿಂಗಳ ನಂತರ ಬೆಳಿಗ್ಗೆ ಸಂಜೆ ಹಾಲು ಹಿಂಡುವ ಹೊತ್ತಿಗೆ ಮಾತ್ರ ಅರ್ಧ ಗಂಟೆ ಕರುವನ್ನು ಬಿಡಬೇಕು. ಉಳಿದ ಹೊತ್ತು ತಾಯಿಗೆ ಕಾಣದಂತೆ, ವಾಸನೆ ತಾಕದಂತೆ ಕೊಟ್ಟಿಗೆಯ ಇನ್ನೊಂದು ಮಗ್ಗುಲಿಗೆ ಕಟ್ಟಬೇಕು. ಹಿಂಡುವವರು ಕರುವಿನ ಪಾಲನ್ನು ಮರೆಯಬಾರದು. ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಹಾಲು ಎಳೆಗರುವಿಗೆ ದಿನವೂ ದೊರೆಯಬೇಕು. ಮೂರು ನಾಲ್ಕು ವಾರಗಳಿಂದಲೇ ಎಳೆ ಹುಲ್ಲು, ಸ್ವಲ್ಪ ಹಿಂಡಿ ಅಭ್ಯಾಸ ಮಾಡಿಸಬೇಕು. ಕರು ಬಡವಾಗಿದ್ದರೆ ಈ ಕ್ರಮವನ್ನು ಮುಂದೂಡಬೇಕು. ಕರುವನ್ನು ಕೊಂದು ಬೆದೆ ತರಿಸುವುದು ಯಾರಿಗೂ ಲಾಭವಲ್ಲ.

ಬೆದೆ ಗುರುತಿಸಿ, ಕಾಲಕ್ಕೆ ಗರ್ಭಧಾರಣೆ ಮಾಡಿಸುವುದು

ಬೆದೆಯು 18 ರಿಂದ 24 ದಿನಗಳಿಗೊಮ್ಮೆ ಬಂದು, 12 ರಿಂದ 18 ಗಂಟೆ ಇರುತ್ತದೆ. ಕೂಗುವುದು, ಮೇವು ಬಿಡುವುದು, ಬೇರೆ ದನ ಏರಿದರೆ ಸುಮ್ಮನೆ ನಿಲ್ಲುವುದು, ಯೋನಿಯಿಂದ ಕೋಳಿಮೊಟ್ಟೆಯ ಲೋಳೆಯಂತಹ ತಿಳಿಯಾದ ಲೋಳೆ ಜೋತುಬೀಳುವುದು ಲಕ್ಷಣಗಳು. ದಿನವಿಡೀ ಕಟ್ಟಿಹಾಕಿದ ಆಕಳಿನ ಬೆದೆ ಕಣ್ಣಿಗೆ ಬೀಳದು. ಬೇಸಿಗೆಯಲ್ಲಿ ಹಗಲು ಬಿಸಿಲಿನ ತಾಪಕ್ಕೆ ಲಕ್ಷಣಗಳು ಮಂಕಾಗುವುದರಿಂದ ಬೆಳಗಿನ ಜಾವ, ರಾತ್ರಿ ಮಲಗುವ ಮೊದಲು ತಪ್ಪದೆ ನೋಡಬೇಕು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಲೋಳೆಯ ಜೊತೆ ರಕ್ತ ಕಂಡರೆ ಬೆದೆ ಮುಗಿದಿದೆಯೆಂದು ತಿಳಿದು, ಆ ದಿನವನ್ನು ಬರೆದಿಟ್ಟು ಮುಂದಿನ ಬೆದೆಗೆ ಕಾಯಬೇಕು.

ಎರಡು ಎಚ್ಚರಿಕೆಗಳು ಅಗತ್ಯ. ಒಂದನೆಯದು, ಈದು 45 ರಿಂದ 60 ದಿನ ತುಂಬುವ ಮೊದಲು ಬೆದೆಗೆ ಬಂದರೂ ಗರ್ಭಧಾರಣೆ ಮಾಡಿಸಬಾರದು. ದಿನಾಂಕ ಮಾತ್ರ ಬರೆದಿಡಬೇಕು. ಎರಡನೆಯದು, ಬೆದೆಯ ಲೋಳೆಯನ್ನು ಅಂಗೈಯಲ್ಲಿ ಅಥವಾ ಗಾಜಿನ ಮೇಲೆ ಹಿಡಿದು ಬೆಳಕಿನಲ್ಲಿ ನೋಡಬೇಕು. ಅದರಲ್ಲಿ ಬಿಳಿ ಎಳೆ, ಕೀವಿನ ಚುಕ್ಕೆ ಕಂಡರೆ ಆ ಬೆದೆಗೆ ಗರ್ಭಧಾರಣೆ ಬೇಡ, ಚಿಕಿತ್ಸೆ ಬೇಕು. ದೇವಣಿ ಆಕಳಿಗೆ ದೇವಣಿ ಹೋರಿಯ ವೀರ್ಯವನ್ನೇ ಕೇಳಿ ಹಾಕಿಸಿದರೆ ತಳಿಯೂ ಉಳಿಯುತ್ತದೆ. ಊರಿನ ಎಲ್ಲ ಆಕಳುಗಳಿಗೂ ಬಿಡುವ, ಪರೀಕ್ಷೆಯಾಗದ ಹೋರಿಯಿಂದ ರೋಗ ಹರಡುವ ಭಯವುಂಟು.

ಎಮ್ಮೆಗಳಿಗೂ ಮೇಲಿನ ಆರೈಕೆಯೇ ಅನ್ವಯಿಸುತ್ತದೆ. ಆದರೆ ಎಮ್ಮೆಯ ಗರ್ಭದ ಅವಧಿ ಸುಮಾರು 310 ದಿನ. ಅದರ ಬೆದೆ ಮೂಕಬೆದೆ. ಬೇಸಿಗೆಯಲ್ಲಂತೂ ಗುರುತಿಸುವುದೇ ಕಷ್ಟ. ಈದ ಮೇಲೆ ಗರ್ಭಕೋಶವೇ ಹೊರಗೆ ಬರುವುದು ಎಮ್ಮೆಗಳಲ್ಲಿ ಆಗಾಗ ಕಾಣುತ್ತದೆ. ಆಗ ಅದನ್ನು ಶುದ್ಧ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಹೊದಿಸಿ, ನಾಯಿ ಕಾಗೆ ಮುಟ್ಟದಂತೆ ಕಾದು, ಹಿಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿ, ತಕ್ಷಣ ವೈದ್ಯರನ್ನು ಕರೆಸಬೇಕು.

ರೈತರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಮಾಸು ಉಳಿದ ಆಕಳಿಗೆ ಪೊಟ್ಯಾಶ್ ನೀರಿನಿಂದ ಗರ್ಭಕೋಶ ತೊಳೆಯಬಹುದೇ?
ಉತ್ತರ: ಬೇಡ. ಮನೆಯಲ್ಲಿ ಪಿಚಕಾರಿಯಿಂದ ಯಾವ ದ್ರವವನ್ನೂ ಒಳಗೆ ಹಾಕಬಾರದು. ಖಾರವಾದ ದ್ರಾವಣ ಗರ್ಭಕೋಶದ ಎಳೆಯ ಒಳಪದರವನ್ನು ಸುಡುತ್ತದೆ. ಹೊರಭಾಗವನ್ನು ಬೆಚ್ಚಗಿನ ನೀರಿನಿಂದ ತೊಳೆದರೆ ಸಾಕು.

ಪ್ರಶ್ನೆ: ಆಕಳು ಮಾಸು ತಿಂದರೆ ಹಾಲು ಬತ್ತುವುದೇ?
ಉತ್ತರ: ಹಾಲು ಬತ್ತುವುದಿಲ್ಲ. ಆದರೆ ಗಂಟಲಲ್ಲಿ ಸಿಕ್ಕಿ ಉಸಿರುಕಟ್ಟುವ ಅಥವಾ ಅಜೀರ್ಣವಾಗುವ ಸಂಭವವಿದೆ. ಬಿದ್ದ ಕೂಡಲೆ ತೆಗೆದು ಹೂಳಬೇಕು.

ಪ್ರಶ್ನೆ: ಮೂರು ತಿಂಗಳಾದರೂ ಬೆದೆಗೆ ಬಾರದ ಆಕಳಿಗೆ ಬೆದೆ ಬರುವ ಚುಚ್ಚುಮದ್ದು ಹಾಕಿಸಬಹುದೇ?
ಉತ್ತರ: ಮೊದಲು ತಪಾಸಣೆ, ಆಮೇಲೆ ಔಷಧ. ಅಂಡಾಶಯ ಕೆಲಸ ಮಾಡದಿರುವುದು, ಬೆದೆ ಬಂದು ಕಾಣದಿರುವುದು, ಕೀವು ತುಂಬಿರುವುದು, ಇವಕ್ಕೆ ಚಿಕಿತ್ಸೆ ಬೇರೆ ಬೇರೆ. ಸೊರಗಿದ ಆಕಳಿಗೆ ಚುಚ್ಚುಮದ್ದಿಗಿಂತ ಹಿಂಡಿ ಮತ್ತು ಖನಿಜ ಮಿಶ್ರಣವೇ ಮೊದಲ ಔಷಧ.

ಗೋಡೆಯ ಮೇಲೆ ಬರೆದಿಡಬೇಕಾದ ದಿನಚರಿ

1. ಈಯುವ ಎರಡು ತಿಂಗಳು ಮೊದಲು: ಹಾಲು ಬತ್ತಿಸುವುದು, ಹಿಂಡಿ, ಖನಿಜ ಮಿಶ್ರಣ, ಹಸಿಮೇವು.
2. ಈದ ದಿನ: ಶುದ್ಧ ಜಾಗ, ಒಂದು ಗಂಟೆಯೊಳಗೆ ಗಿಣ್ಣದ ಹಾಲು, ದಿನಾಂಕ ಬರೆಯುವುದು.
3. 24 ಗಂಟೆಯಾದರೂ ಮಾಸು ಬೀಳದಿದ್ದರೆ: ಎಳೆಯದೆ ವೈದ್ಯರಿಗೆ ತಿಳಿಸುವುದು.
4. ಮೊದಲ 10 ದಿನ: ಜ್ವರ, ಮೇವು, ಸ್ರಾವದ ವಾಸನೆ ಗಮನಿಸುವುದು.
5. 21ನೆಯ ದಿನದ ನಂತರ: ಕೀವು ಕಂಡರೆ ಚಿಕಿತ್ಸೆ.
6. 30ನೆಯ ದಿನದಿಂದ: ಕರುವಿಗೆ ದಿನಕ್ಕೆ ಎರಡೇ ಸಲ ಹಾಲು ಬಿಡುವುದು.
7. 60ನೆಯ ದಿನದಿಂದ: ಶುದ್ಧ ಲೋಳೆಯ ಬೆದೆಗೆ ಗರ್ಭಧಾರಣೆ.
8. ಮೂರನೆಯ ಅಮಾವಾಸ್ಯೆ: ಬೆದೆಗೆ ಬಾರದ ಆಕಳಿನ ತಪಾಸಣೆ.

ಹತ್ತಿರದ ಪಶು ಆಸ್ಪತ್ರೆಯಲ್ಲದೆ, 2004ರ ಕಾಯಿದೆಯಂತೆ ಬೀದರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ರೈತರು ಇವುಗಳ ಸಲಹೆ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರು ತಮ್ಮ ಊರುಗಳಲ್ಲಿ ಮಾಸು ಎಳೆಯುವ ರೂಢಿಯನ್ನು ಬಿಡಿಸಲು ಶ್ರಮಿಸಬೇಕು.

ಈದ ಆಕಳಿಗೆ ಬೇಕಾದದ್ದು ಹೆಚ್ಚು ಖರ್ಚಿನ ಔಷಧವಲ್ಲ. ಈಯುವ ಮೊದಲು ತುಂಬಿದ ಗೋದಲಿ, ಈಯುವಾಗ ಒಣಗಿದ ನೆಲ, ಈದ ಮೇಲೆ ಎಳೆಯದ ಕೈ, ದಿನವೂ ನೋಡುವ ಕಣ್ಣು. ಇಷ್ಟಿದ್ದರೆ ಬಂಜೆಯೆಂದು ಸಂತೆಗೆ ಹೊಡೆಯಬೇಕಾದ ಎಷ್ಟೋ ಆಕಳುಗಳು ಮನೆಯಲ್ಲಿಯೇ ಉಳಿದು, ಮುಂದಿನ ಜೋಡಿ ಎತ್ತುಗಳನ್ನು ಹೊಲಕ್ಕೆ ಕೊಡುತ್ತವೆ.